ಎರಡು ಸುಳಿ

ಸೊಹಾರಿನ ಸನಾಯಾದಲ್ಲಿ ನನ್ನದು ಎರಡು ಕುರ್ಚಿಯ ಅಂಗಡಿ,
ಟಯರಿನವನ ಪಕ್ಕ, ಪರೋಟದವನ ಎದುರು.
ಹದಿನಾಲ್ಕು ವರ್ಷ ಜನರನ್ನು ಹಿಂದಿನಿಂದಲೇ ನೋಡಿದ್ದೇನೆ;
ಮುಖ ಮರೆತರೂ ನೆತ್ತಿ ಮರೆಯುವುದಿಲ್ಲ.

ಹಮ್ಮಬ್ಬನದು ಎರಡು ಸುಳಿಯ ತಲೆ.
ಎರಡು ಸುಳಿಗೆ ಎರಡು ಮದುವೆ ಮಾರಾಯ, ಎಂದರೆ
ಒಂದರ ಸಾಲವೇ ತೀರಿಲ್ಲ, ಇನ್ನೊಂದನ್ನು ನೀನೇ ಇಟ್ಟುಕೋ
ಎನ್ನುತ್ತಿದ್ದ, ಕಣ್ಣು ಮುಚ್ಚಿ,
ಕತ್ತರಿಯ ಸದ್ದಿಗೆ ತೂಗುತ್ತ.

ಜುಲೈ. ಬೆಳಗಿನ ಹನ್ನೊಂದು. ಬಂದರಿನ ಟ್ಯಾಂಕಿಗೆ
ಸುತ್ತ ಕಟ್ಟಿದ ಕಬ್ಬಿಣದ ಅಟ್ಟಣಿಗೆ.
ಮೊದಲು ಹೆಲ್ಮೆಟ್ಟು ಬಿತ್ತಂತೆ, ಆಮೇಲೆ ಅವನು.
ಹೆಲ್ಮೆಟ್ಟಿಗೆ ಏನೂ ಆಗಿರಲಿಲ್ಲ,
ತೊಳೆದು ಬೇರೆಯವನಿಗೆ ಕೊಟ್ಟರು.

ಮಿದುಳು ಬಾತಿದೆ, ಒಳಗೆ ಜಾಗ ಸಾಲದು ಎಂದು
ಎಡಗಡೆಯ ಎಲುಬು, ಅಂಗೈ ಅಗಲದ್ದು,
ಕೊಯ್ದು ತೆಗೆದರು ಮಸ್ಕತ್ತಿನಲ್ಲಿ.
ಎಸೆಯಲಿಲ್ಲ.
ಹೊಟ್ಟೆಯ ಚರ್ಮದಡಿ ಒಂದು ಜೇಬು ಮಾಡಿ
ಒಳಗಿಟ್ಟು ಹೊಲಿದರು,
ಅವನದೇ ಮೈಬಿಸಿಯಲ್ಲಿ ಕೆಡದೆ ಇರಲಿ ಎಂದು.

ಹೊಟ್ಟೆಪಾಡಿಗೆ ಕಡಲು ದಾಟಿದವನ ತಲೆಯನ್ನು
ಈಗ ಹೊಟ್ಟೆಯೇ ಸಾಕತೊಡಗಿತು.
ಆದದ್ದನ್ನು ಹೊಟ್ಟೆಗೆ ಹಾಕಿಕೋ ಎಂದ
ಕಿತ್ತಳೆಹಣ್ಣು ಹಿಡಿದು ಬಂದ ಫೋರ್‌ಮನ್, ನಮ್ಮೂರಿನವನೇ.
ಹಾಕಿಕೊಂಡಿದ್ದನಲ್ಲ, ಮತ್ತೇನು.

ನಾಲ್ಕು ತಿಂಗಳು.
ಕೂತರೆ ತಲೆಯ ಎಡಕ್ಕೊಂದು ತಗ್ಗು,
ಮಲಗಿದರೆ ತುಂಬಿ ಬರುವ ಉಬ್ಬು,
ಕೆಮ್ಮಿದರೆ ಚರ್ಮದಡಿ ಯಾರೋ ಎದ್ದು ಕೂತ ಹಾಗೆ.
ಮಾತೂ ಆ ತಗ್ಗಿಗೇ ಜಾರಿತ್ತು:
ಬಾಚಣಿಗೆಗೆ ಮೀನಿನ ಮುಳ್ಳು ಎನ್ನುತ್ತಿದ್ದ,
ಕನ್ನಡಿಗೆ ನೀರು.
ನನಗೆ ಹೆಸರೇ ಇರಲಿಲ್ಲ, ಬರೀ ಏ.

ಎಲುಬನ್ನು ಮರಳಿ ಕೂರಿಸುವ ಹಿಂದಿನ ದಿನ
ನನ್ನನ್ನು ಕರೆಸಿದರು.
ನರ್ಸಿನ ಮೆಷಿನ್ನಿಗೆ ತಲೆ ಕೊಡುವುದಿಲ್ಲವಂತೆ.
ಬಸ್ಸಿನಲ್ಲಿ ಮೂರು ತಾಸು, ತೊಡೆಯ ಮೇಲೆ ಸಾಮಾನಿನ ಡಬ್ಬಿ.

ಬಲಗಡೆ ಬೇಗ ಮುಗಿಯಿತು.
ಎಡಕ್ಕೆ ಬಂದಾಗ ಕೈ ನಿಂತಿತು.

ತಂಗಿ ಹುಟ್ಟಿದಾಗ ಎಣ್ಣೆ ಒತ್ತುತ್ತ ಅಮ್ಮ ಹೇಳಿದ್ದಳು,
ಮೆಲ್ಲಗೆ ಮುಟ್ಟು, ಅಲ್ಲಿನ್ನೂ ಬಾಗಿಲು ಹಾಕಿಲ್ಲ.
ನಲವತ್ತಾರರ ಗಂಡಸಿನಲ್ಲಿ ಅದೇ ಬಾಗಿಲು,
ಅದೇ ಮಿಡಿತ.
ನನ್ನ ಹೆಬ್ಬೆರಳಿಗೂ ಅವನು ಕಂಡದ್ದಕ್ಕೆಲ್ಲ ನಡುವೆ
ಒಂದು ಪದರ ಚರ್ಮ, ಸ್ವಲ್ಪ ಸಾಬೂನಿನ ನೊರೆ.
ಬ್ಲೇಡನ್ನು ಅಷ್ಟು ಹಗುರ ನಾನೆಂದೂ ಹಿಡಿದವನಲ್ಲ.
ನನ್ನ ಬೆನ್ನೆಲ್ಲ ಬೆವರು.
ಅವನೋ, ಕಣ್ಣು ಮುಚ್ಚಿ ತೂಗುತ್ತಿದ್ದ.

ಹೊಟ್ಟೆಯಿಂದ ತೆಗೆದು, ತೊಳೆದು, ಮೊದಲಿನ ಜಾಗದಲ್ಲಿಟ್ಟು
ಟೈಟಾನಿಯಂ ಪಟ್ಟಿ, ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ.
ಅಂಚಿನಲ್ಲಿ ತುಸು ಸವೆದಿತ್ತಂತೆ ಎಲುಬು;
ನಾಲ್ಕು ತಿಂಗಳ ಬಾಡಿಗೆಯನ್ನು
ಹೊಟ್ಟೆ ಮುರಿದುಕೊಂಡಿರಬೇಕು.

ಫೆಬ್ರವರಿಯಲ್ಲಿ ಒಂದು ಶುಕ್ರವಾರ, ನಮಾಜು ಮುಗಿಸಿ,
ತಾನಾಗಿಯೇ ನಡೆದು ಬಂದ. ಕುರ್ಚಿಯ ಧೂಳು ತಾನೇ ಕೊಡವಿದ.
ಕಿವಿಯ ಮುಂದೆ ಹೊರಟ ಹೊಲಿಗೆಯ ಗೆರೆ
ಹಿಂದಕ್ಕೆ ಬಳಸಿ, ಎರಡು ಸುಳಿಗಳ ನಡುವೆ ಹಾದು,
ಹಣೆಗೆ ಬಂದು ನಿಂತಿದೆ.
ಒಂದು ಕಡೆ ಬೆರಳಿಗೆ ಸಿಕ್ಕಿತು
ಮುಚ್ಚಳ ಪೂರ್ತಿ ಕೂರದ ಡಬ್ಬಿಯಂಥ ಅಂಚು.
ನಾನು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಮುಗಿದ ಮೇಲೆ ಹಿಂದಿನಿಂದ ಕೈಗನ್ನಡಿ ಹಿಡಿದೆ.
ನೀರು, ಎಂದ.
ಅಲ್ಲ, ಕನ್ನಡಿ.
ತುಂಬ ಹೊತ್ತು ನೋಡಿದ. ಎರಡೂ ಇವೆಯಾ?
ಇವೆ.

ಎಷ್ಟಾಯಿತು, ಎಂದ.
ಹಳೇ ರೇಟೇ, ಒಂದು ರಿಯಾಲು.
ಹಿಂದಿನ ಬಾಕಿಯೂ ಇತ್ತೇನೋ ಎಂದು ನೆನಪಿಸಿಕೊಳ್ಳುವಾಗ
ಅವನ ಕೈ ಹೊಟ್ಟೆಗೆ ಹೋಯಿತು,
ಅಂಗಿಯ ಮೇಲಿಂದಲೇ ಅಲ್ಲಿ ಏನನ್ನೋ ತಡವಿ,
ಸಿಗದೆ,
ನಿಧಾನ ಮೇಲೆ ಬಂತು.